ಇವರ ಅಳತೆಯ ಸೈಕಲ್

ಬೆಳಿಗ್ಗೆ ಕಾವೇರಿ ನೀರು ಬಂತು, ಸಂಪು ತುಂಬಿಸಿದೆ. ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕಿದೆ. ಒಂದು ಹನಿ ಕಣ್ಣಿಗೆ, ಎರಡು ಹನಿ ಕೆನ್ನೆಗೆ. ಅವರು ಎಂದಿನಂತೆ ಬೈದರು. ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತಕಿದೆ. ಮಹಡಿಯ ಬಾಡಿಗೆಯವರ ಗೀಸರ್ ಕೆಟ್ಟಿತ್ತು, ಎಲೆಕ್ಟ್ರಿಶಿಯನ್‌ಗೆ ಫೋನ್ ಮಾಡಿ ‘ಈಗ ಬಂದೆ ಅಕ್ಕ’ ಎನ್ನಿಸಿಕೊಂಡೆ. ಅವನು ಬರಲಿಲ್ಲ. ಗಿರಣಿಗೆ ಹೋಗಿ ರಾಗಿ ಬೀಸಿಸಿಕೊಂಡು ಬಂದೆ. ಮಧ್ಯಾಹ್ನ ಒಂದು ಸೀರೆಗೆ ಫಾಲ್ಸ್ ಹೊಲಿದೆ. ಸಂಜೆ ಒಂದು ಸೈಕಲ್ ತಂದೆ.

ಅಳತೆ ಕೊಡದೆ ಯಾರಾದರೂ ರವಿಕೆ ಹೊಲಿಸುತ್ತಾರೆಯೆ? ಈ ಸೈಕಲ್ಲಿಗೆ ನಾನು ಅಳತೆ ಕೊಡಲಿಲ್ಲ. ಆದರೂ ಏರಿ ಕುಳಿತರೆ ನನಗೆಂದೇ ಎರಕ ಹೊಯ್ದ ಹಾಗಿದೆ. ಅದು ಹೇಗೆ ಅಂತ ಹೇಳಬೇಕಾದರೆ ಮೊದಲು ಇವರ ವಿಷಯ ಹೇಳಬೇಕು.

ಇವರು ಅಂದರೆ ನಮ್ಮ ಯಜಮಾನರು. ಗಂಡನ ಹೆಸರು ಹೇಳದೆ ‘ಇವರು’ ಎನ್ನುವುದು ನಮ್ಮ ಕಡೆಯ ಹೆಂಗಸರ ರೂಢಿ ಎಂದು ನಿಮಗೂ ಗೊತ್ತು. ಮದುವೆಯಾದ ಹೊಸತರಲ್ಲಿ ನನಗೆ ನಾಚಿಕೆಯಾಗುತ್ತಿತ್ತು. ಆಮೇಲೆ ನಾಲಿಗೆ ಅದಕ್ಕೇ ಒಗ್ಗಿಕೊಂಡಿತು. ಇವರು ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆಯ ದಿನ ಊಟ ಬಡಿಸುತ್ತ ‘ಇವರಿಗೆ ಹೋಳಿಗೆ ಅಂದ್ರೆ ಪ್ರಾಣ’ ಅಂದುಬಿಟ್ಟೆ. ದೂರದ ನೆಂಟರೊಬ್ಬರು ಎಲೆಯಿಂದ ತಲೆಯೆತ್ತಿ, ‘ಇನ್ಮೇಲೆ ಅವರು ಅನ್ನಮ್ಮ. ಇವರು ಅಂದ್ರೆ ಇಲ್ಲೇ ಇರೋರು’ ಎಂದು ತಿದ್ದಿದರು. ವ್ಯಾಕರಣ ಸರಿಯೇ. ಹತ್ತಿರದವರು ಇವರು, ದೂರದವರು ಅವರು. ನಾನು ಪ್ರಯತ್ನಪಟ್ಟೆ. ‘ಅವರು’ ಎಂದಾಗಲೆಲ್ಲ ಬೇರೆ ಯಾರದೋ ಗಂಡನ ವಿಷಯ ಹೇಳಿದ ಹಾಗಾಗುತ್ತಿತ್ತು. ಬಿಟ್ಟುಬಿಟ್ಟೆ.

ಇವರಿಗೆ ಒಂದು ಹುಚ್ಚಿತ್ತು. ಕುಡಿತ, ಇಸ್ಪೀಟು ಎಂಥದೂ ಅಲ್ಲ. ಸೈಕಲ್ಲಿನ ಫ್ರೇಮ್ ಸೈಜು. ಮದುವೆ ಮನೆಯಲ್ಲಿ ಪಕ್ಕ ಕೂತವರು ‘ಮಗನಿಗೆ ಸೈಕಲ್ ಕೊಡಿಸ್ಬೇಕು’ ಎಂದು ಬಾಯಿ ಬಿಟ್ಟರೆ ಮುಗಿಯಿತು, ತಾಂಬೂಲ ಹಂಚುವವರೆಗೂ ಅವರಿಗೆ ಬಿಡುಗಡೆ ಇಲ್ಲ.

‘ಎಷ್ಟಿಂಚು ತಗೋತೀರಾ?’

‘ಇಪ್ಪತ್ತಾರು ಸಾರ್.’

‘ಅದು ಚಕ್ರ! ಚಕ್ರ ಅಳೆದು ಸೈಕಲ್ ತಗೊಳ್ಳೋದಂದ್ರೆ ತಲೆ ಅಳೆದು ಪ್ಯಾಂಟ್ ಹೊಲಿಸಿದ ಹಾಗೆ. ಫ್ರೇಮ್ ಎಷ್ಟು? ಸೀಟಿನ ಕೆಳಗೆ ನೆಟ್ಟಗೆ ಇಳಿಯುತ್ತಲ್ಲ ಪೈಪು, ಅದರ ಉದ್ದ. ಅದು ಹುಡುಗನ ಕಾಲಿಗೆ ಸರಿ ಇರ್ಬೇಕು.’

ಬೆಳೆಯುವ ಹುಡುಗ, ಒಂದು ಸೈಜು ದೊಡ್ಡದೇ ಇರಲಿ ಎಂದು ಆ ತಂದೆ ಹೇಳಿಯೇ ಹೇಳುತ್ತಿದ್ದರು. ಇವರು ಕಾಯುತ್ತಿದ್ದುದೇ ಆ ಮಾತಿಗೆ. ‘ಅಂಗಿ ದೊಡ್ಡದಾದ್ರೆ ತೋಳು ಮಡಚಬಹುದು. ಫ್ರೇಮ್ ಮಡಚೋಕಾಗಲ್ಲ ಸ್ವಾಮಿ. ಸೀಟು ಇಳಿಸ್ತೀರಿ, ಹ್ಯಾಂಡಲ್ ಇಳಿಸ್ತೀರಿ, ಮಧ್ಯೆ ಇರೋ ಕಬ್ಬಿಣ ಏನ್ ಮಾಡ್ತೀರಿ?’

ನನ್ನ ಮಟ್ಟಿಗೆ ಆ ಮಾತು ಸುಳ್ಳಲ್ಲ. ತ್ಯಾಗರಾಜನಗರದ ಇಳಿಜಾರಿನಲ್ಲಿ ನಾನು ಸೈಕಲ್ ಕಲಿತದ್ದು ಅಪ್ಪನ ಸೈಕಲ್ಲಿನಲ್ಲಿ. ಅದರ ಬಾರ್ ನನ್ನ ಎದೆಗೆ ಬರುತ್ತಿತ್ತು. ತ್ರಿಕೋನದೊಳಗೆ ಬಲಗಾಲು ತೂರಿಸಿ, ಸೊಂಟ ಒಂದು ಕಡೆ, ತಲೆ ಒಂದು ಕಡೆ ಮಾಡಿಕೊಂಡು ಅರ್ಧ ಪೆಡಲು ತುಳಿಯುತ್ತ ಹೋಗುವಾಗ ಬೀದಿಯ ಹೆಂಗಸರು ಬಾಗಿಲಿಗೆ ಬಂದು, ‘ಏನೇ ಪದ್ದು, ನೀನು ಸೈಕಲ್ ಹೊಡೀತಿದ್ಯೋ, ಸೈಕಲ್ಲೇ ನಿನ್ನ ಹೊಡೀತಿದ್ಯೋ’ ಎಂದು ನಗುತ್ತಿದ್ದರು. ಸೀಟಿನ ಮೇಲೆ ಕೂರುವಷ್ಟು ಎತ್ತರ ನನಗೆ ಬರಲೇ ಇಲ್ಲ. ಅಷ್ಟರಲ್ಲಿ ಲಂಗ ಹೋಗಿ ಸೀರೆ ಬಂತು, ಸೈಕಲ್ ಮುಗಿಯಿತು.

ನನ್ನ ಎತ್ತರ ನಮ್ಮ ಮನೆಯಲ್ಲಿ ಮೂವತ್ತು ವರ್ಷ ಓಡಿದ ತಮಾಷೆ. ಇವರು ಆರಡಿ. ಗ್ರೂಪ್ ಫೋಟೋ ತೆಗೆಸಿದರೆ ನಾನು ಇವರ ಮಗಳ ಹಾಗೆ ಕಾಣುತ್ತಿದ್ದೆ. ಇವರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ನನ್ನ ನೆತ್ತಿಯ ಮಟ್ಟಕ್ಕೆ ತಮ್ಮ ಅಂಗಿಯ ಎರಡನೇ ಗುಂಡಿ ಹಿಡಿದು, ‘ಇಷ್ಟೇ ನೀನು. ಎರಡನೇ ಗುಂಡಿ’ ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಜಗಳವಾದರೂ ಅದೇ. ‘ಎರಡನೇ ಗುಂಡಿಗೆ ಇಷ್ಟು ಬಾಯಾ?’

ಅಳತೆಯ ಹುಚ್ಚು ಇವರಿಗೆ ಅತ್ತೆಯಿಂದ ಬಂದದ್ದಿರಬೇಕು. ಇಟ್ಟಮಡು ಹಳ್ಳಿಯಾಗಿದ್ದಾಗ ಈ ಮನೆಯವರು ಕನಕಾಂಬರ ಬೆಳೆಯುತ್ತಿದ್ದರಂತೆ. ಈಗ ನಮ್ಮ ಹಿಂದಿನ ಬೀದಿಯಲ್ಲಿ ಬೇಕರಿ ಇರುವಲ್ಲಿ ಹೂವಿನ ಮಡಿ ಇತ್ತಂತೆ. ಹೂ ಕಟ್ಟಿ ಮೊಳ ಹಾಕಿ ಹಾಕಿ ಅತ್ತೆಗೆ ಎಲ್ಲವೂ ಮೊಳವೇ. ಬಟ್ಟೆ ಒಣಹಾಕುವ ಹಗ್ಗ, ಬಾಗಿಲ ಪರದೆ, ಕೊನೆಗೆ ಹೊಸ ಫ್ರಿಜ್ಜಿಗೂ ಮೊಣಕೈ ಊರಿ ಬೆರಳು ಚಾಚಿಯೇ ನೋಡಿದರು. ಇವರು ಸೈಕಲ್ಲಿಗೂ ಹಾಗೇ ಮಾಡುತ್ತಿದ್ದರು. ಸೀಟಿನ ಮೂತಿಗೆ ಮೊಣಕೈ ಇಟ್ಟರೆ ನಡುಬೆರಳು ಹೋಗಿ ಹ್ಯಾಂಡಲ್ ಮುಟ್ಟಬೇಕು. ಮುಟ್ಟಿದರೆ ಅದು ನಿಮ್ಮ ಸೈಕಲ್. ಬೆರಳು ಗಾಳಿಯಲ್ಲಿ ನಿಂತರೆ ಬೇರೆಯವರದು. ಅವರವರ ಮೊಳ ಅವರವರಿಗೆ.

ಹ್ಯಾಂಡಲ್ಲಿನ ಎತ್ತರಕ್ಕೆ ಇವರದೊಂದು ಬೇರೆಯೇ ಸಿದ್ಧಾಂತ. ‘ಸೀಟಿನ ಎತ್ತರ ಕಾಲಿನದು ಪದ್ದು, ಬೆಳೆದು ನಿಂತ ಮೇಲೆ ಬದಲಾಗಲ್ಲ. ಹ್ಯಾಂಡಲಿನ ಎತ್ತರ ವಯಸ್ಸಿನದು. ಹುಡುಗರಿಗೆ ಸೀಟಿಗಿಂತ ಕೆಳಗೆ, ಸಂಸಾರಸ್ಥರಿಗೆ ಸೀಟಿನ ಸಮಕ್ಕೆ, ಬೆನ್ನು ಸೋತವರಿಗೆ ಮೇಲೆ.’ ಬೆನ್ನು ನೋವು ಶುರುವಾದ ವರ್ಷ ಇವರೇ ಸ್ಪ್ಯಾನರ್ ಹಿಡಿದು, ಹ್ಯಾಂಡಲಿನ ಬೋಲ್ಟ್ ಸಡಿಲಿಸಿ, ಮರದ ತುಂಡಿಟ್ಟು ಒಂದು ಪೆಟ್ಟು ಹೊಡೆದು, ಒಂದು ಬೆರಳು ಎತ್ತಿದರು. ‘ಇವತ್ತು ವಯಸ್ಸಾಯ್ತು’ ಅಂದರು. ನಾನು ನಕ್ಕೆ. ಸಂಜೆಗಳಲ್ಲಿ ಹೊಸಕೆರೆಹಳ್ಳಿ ಕೆರೆಯವರೆಗೆ ಹೋಗಿ ಬಂದು ಸೈಕಲ್ಲನ್ನು ಮೆಟ್ಟಿಲ ಕೆಳಗೆ ಗೋಡೆಗೆ ಒರಗಿಸಿ, ಹ್ಯಾಂಡಲ್ ಗೋಡೆಯ ಕಡೆಗೆ ತಿರುಗಿಸಿ, ‘ಮಲಗಿಸಿ ಬಂದೆ’ ಎನ್ನುತ್ತಿದ್ದರು. ದಿನವೂ ಅದೇ ಮಾತು. ಸೈಕಲ್ ಮಲಗಿದ ಮೇಲೆಯೇ ಇವರು ಮಲಗುವುದು.

ಒಂದು ಭಾನುವಾರ ಟೀ ಲೋಟ ಕೈಯಲ್ಲಿರುವಾಗಲೇ ಇವರ ಎದೆಬಡಿತ ನಿಂತಿತು. ಅದಾಗಿ ಎರಡು ವರ್ಷ. ಅದರ ಬಗ್ಗೆ ಇಲ್ಲಿ ಇಷ್ಟೇ ಸಾಕು.

ಬಟ್ಟೆಗಳನ್ನು ಕೊಟ್ಟೆವು. ಚಪ್ಪಲಿ ಕೊಟ್ಟೆವು. ಸೈಕಲ್ ಕೊಡಲು ಅತ್ತೆ ಬಿಡಲಿಲ್ಲ. ಅತ್ತೆಗೆ ಕಣ್ಣು ಮಂಜಾಗಿದೆ, ಗೋಡೆಯ ಮೇಲಿನ ಫೋಟೋದಲ್ಲಿ ಮಗನ ಮುಖ ಅವರಿಗೆ ಒಂದು ಬಿಳಿ ಮಚ್ಚೆ. ಆದರೆ ಬೆಳಿಗ್ಗೆ ಎದ್ದು ಮೆಟ್ಟಿಲ ಕೆಳಗೆ ಹೋಗಿ ಸೀಟಿನ ಮೂತಿಗೆ ಮೊಣಕೈ ಊರುತ್ತಾರೆ, ಹ್ಯಾಂಡಲಿನ ಕಡೆಗೆ ಬೆರಳು ಚಾಚುತ್ತಾರೆ. ಬೆರಳು ಮುಟ್ಟುವುದಿಲ್ಲ. ಮುಟ್ಟದ ಆ ಖಾಲಿ ಜಾಗದಲ್ಲಿ ಇನ್ನೊಂದು ಕೈಯ ಬೆರಳುಗಳನ್ನು ಒತ್ತೊತ್ತಾಗಿ ಇಟ್ಟು ನೋಡುತ್ತಾರೆ. ಸರಿ ಇದ್ದರೆ ಒಳಗೆ ಬಂದು ಕಾಫಿ ಕೇಳುತ್ತಾರೆ. ಮೊದಮೊದಲು ನಾನು ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಆಮೇಲೆ ನಾನೂ ಆ ಸೈಕಲ್ಲನ್ನು ಹಾಗೆ ನೋಡಲು ಕಲಿತೆ. ಸೀಟು ಇಷ್ಟು ಎತ್ತರ, ಹ್ಯಾಂಡಲ್ ಅಷ್ಟು ದೂರ, ಪೆಡಲು ಅಷ್ಟು ಕೆಳಗೆ. ಮೂರರ ನಡುವಿನ ಗಾಳಿಯಲ್ಲಿ ಒಬ್ಬ ಮನುಷ್ಯ ಬೆನ್ನು ಸ್ವಲ್ಪ ಬಾಗಿಸಿ ಕೂತಷ್ಟು ಜಾಗ ಖಾಲಿ ಇದೆ. ಬೇರೆ ಯಾರೂ ಅದರಲ್ಲಿ ಸರಿಯಾಗಿ ಹಿಡಿಸುವುದಿಲ್ಲ.

ಹೀಗಿರುವಾಗ ನನ್ನ ಮೊಣಕಾಲು ಕೈಕೊಟ್ಟಿತು. ಜಯನಗರದ ಡಾಕ್ಟರು ನಡಿಗೆ ಕಡಿಮೆ ಮಾಡಿ ಸೈಕಲ್ ಹೊಡೆಯಿರಿ ಅಂದರು. ಮನೆಯಲ್ಲಿ ಸೈಕಲ್ ಇದೆಯಾ ಎಂದು ಕೇಳಿದರು. ಇದೆ ಅಂದೆ. ಆ ಒಂದು ಮಾತಿನಿಂದ ಮನೆಯಲ್ಲಿ ಯುದ್ಧ ಶುರುವಾಯಿತು.

‘ಅದರ ಎತ್ರ ಮಾತ್ರ ಮುಟ್ಬ್ಯಾಡ ಕಣಮ್ಮಿ’ ಅಂದರು ಅತ್ತೆ.

‘ಸೀಟು ಇಳಿಸ್ದೆ ನಾನು ಹೆಂಗೆ ಹತ್ತೋದು?’

‘ಹತ್ತಬ್ಯಾಡ.’

‘ಕಾಲು ಹೋದ್ರೆ ನಿಮ್ಮನ್ನ ಯಾರು ನೋಡ್ಕೊಳ್ಳೋದು?’

‘ನಾನು ನಿನ್ನ ನೋಡ್ಕೋತೀನಿ ಬಿಡು.’ ಕಣ್ಣು ಕಾಣದ ಎಂಬತ್ತೆರಡರ ಹೆಂಗಸು ಹೇಳುವ ಮಾತು!

ನಾನು ಉಗುರುಬಣ್ಣ ತಂದು, ಸೀಟಿನ ಕಂಬಕ್ಕೆ, ಹ್ಯಾಂಡಲಿನ ಕಂಬಕ್ಕೆ ಗೆರೆ ಎಳೆದು ತೋರಿಸಿದೆ. ‘ನೋಡಿ, ಗುರುತಿದೆ. ಯಾವಾಗ ಬೇಕಾದ್ರೂ ವಾಪಸ್ ಎತ್ತಬಹುದು.’ ಅತ್ತೆ ಆ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ, ‘ನನ್ನ ಕೈಗೆ ಅವನು ಸಿಗೋದು ಅಲ್ಲೊಂದೇ ಕಡೆ. ಆ ಅಳ್ತೆ ಹೋದ್ರೆ ಅವನು ಹೋದ’ ಅಂದರು. ಅಳಲಿಲ್ಲ. ಅಕ್ಕಿ ಆರಿಸುತ್ತ ಹೇಳುವ ದನಿಯಲ್ಲಿ ಹೇಳಿದರು. ನಾನು ಉಗುರುಬಣ್ಣದ ಮುಚ್ಚಳ ತಿರುಗಿಸಿದೆ. ಅವರೇ ಮುಂದುವರಿಸಿದರು, ‘ಅವನ್ನೇ ಕೇಳು. ಹೂಂ ಅಂದ್ರೆ ಇಳಿಸ್ಕೋ.’

‘ಹೆಂಗೆ ಕೇಳ್ಲಿ?’

‘ಅದ್ನೂ ನಾನೇ ಹೇಳ್ಕೊಡ್ಬೇಕಾ? ಗಂಡ ಅಲ್ವಾ ನಿನಗೆ?’

ಅವತ್ತು ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೇಳಿದೆ. ‘ರೀ, ಸೈಕಲ್ ತಗೊಳ್ಲಾ?’ ಮಹಡಿಯ ಬಾಡಿಗೆಯ ಹುಡುಗಿ ಕಿಟಕಿಯಿಂದ, ‘ಆಂಟಿ, ನನ್ನ ಕೇಳಿದ್ರಾ?’ ಅಂದಳು. ಇಲ್ಲಮ್ಮ ಅಂದೆ. ಬೇರೆ ಯಾವ ಉತ್ತರವೂ ಬರಲಿಲ್ಲ. ಮೌನವನ್ನೇ ಸಮ್ಮತಿಯೆಂದು ಹೇಳಿ ಅತ್ತೆಯನ್ನು ಒಪ್ಪಿಸಿದೆ. ಅವರು ಸೀಟಿನ ಮೇಲೆ ಒಂದು ಸಲ ಕೈಯಾಡಿಸಿ ದಾರಿ ಬಿಟ್ಟುಕೊಟ್ಟರು.

ಕತ್ರಿಗುಪ್ಪೆಗೆ ಹೋಗುವ ದಾರಿಯಲ್ಲಿ ಒಂದು ಸೈಕಲ್ ಅಂಗಡಿ ಇದೆ. ಇಮ್ರಾನ್ ಅಂತ, ಮೂವತ್ತರ ಆಸುಪಾಸಿನವನು, ಅಂಗಡಿ ಹೊಸದು. ಇವರನ್ನು ಅವನು ಕಂಡವನಲ್ಲ. ಒಂದು ಕಿವಿಗೂ ಭುಜಕ್ಕೂ ನಡುವೆ ಫೋನು ಸದಾ ಸಿಕ್ಕಿಸಿಕೊಂಡಿರುತ್ತಾನೆ. ನಾನು ಸೈಕಲ್ ತಳ್ಳಿಕೊಂಡು ಹೋಗಿ, ‘ನೋಡಪ್ಪ, ಇದು ಇವರ ಅಳತೆಗಿದೆ, ನನ್ನ ಅಳತೆಗೆ ಇಳಿಸ್ಕೊಡು, ಬಣ್ಣದ ಗೆರೆ ಅಳಿಸ್ಬೇಡ’ ಎಂದೆ. ಅವನು ಫೋನಿನಲ್ಲೇ ‘ಹಾಂ ಗುರು, ಹಾಂ’ ಎಂದು ನನ್ನ ಕಡೆ ತಲೆಯಾಡಿಸಿದ. ಯಾವ ಹಾಂ ಯಾರಿಗೆ ಅಂತ ಗೊತ್ತಾಗಲಿಲ್ಲ. ಅತ್ತೆಯ ಡ್ರಾಪ್ಸ್ ಮುಗಿದಿತ್ತು. ರಸ್ತೆ ದಾಟಿ ಮೆಡಿಕಲ್ ಶಾಪಿಗೆ ಹೋದೆ.

ವಾಪಸು ಬಂದಾಗ ಸೀಟು ಇದ್ದಲ್ಲೇ ಇತ್ತು. ಹ್ಯಾಂಡಲ್ ಇಳಿದಿರಲಿಲ್ಲ. ಏರಿತ್ತು. ನನ್ನ ಉಗುರುಬಣ್ಣದ ಗೆರೆ ಎರಡು ಬೆರಳು ಮೇಲೆ ಬಂದು ನಿಂತಿತ್ತು.

‘ಏನಪ್ಪ ಇದು? ಇಳಿಸು ಅಂದ್ರೆ ಎತ್ತಿದ್ದೀಯಲ್ಲ?’

‘ಇವರ ಅಳತೆಗೆ ಅಂದ್ರಲ್ಲ ಮೇಡಂ. ಸಾರ್ ಹೇಳಿದಂಗೇ ಮಾಡಿದೀನಿ.’

‘ಯಾವ ಸಾರ್?’

‘ನಿಮ್ಮ ಮನೆಯವ್ರು. ನಿಮ್ ಹಿಂದೇನೇ ನಿಂತಿದ್ರಲ್ಲ.’

ನನ್ನ ಹಿಂದೆ ಯಾರೂ ನಿಂತಿರಲಿಲ್ಲ. ಅಥವಾ ನಿಂತಿದ್ದರೆ ನಾನು ನೋಡಿರಲಿಲ್ಲ. ಅಂಗಡಿಯಲ್ಲಿ ಬಂದು ಹೋಗುವವರು ಇದ್ದೇ ಇರುತ್ತಾರೆ. ‘ಹೆಂಗಿದ್ರು?’ ಎಂದೆ.

‘ಏನ್ ಮೇಡಂ ನನ್ನ ಕೇಳ್ತೀರಾ! ಉದ್ದಕ್ಕಿದ್ರು. ಮಾತೇ ಆಡ್ಲಿಲ್ಲ. ಸೀಟ್ ಮೇಲೆ ಮೊಣಕೈ ಇಟ್ರು, ಬೆರಳು ಹಿಂಗೆ ಹ್ಯಾಂಡಲ್‌ಗೆ ಮುಟ್ಸಿದ್ರು. ಎರಡು ಬೆರಳು ತೋರ್ಸಿ ಮೇಲಕ್ಕೆ ಅಂತ ಸನ್ನೆ ಮಾಡಿದ್ರು. ಬೆನ್ನು ಹಿಡ್ಕೊಂಡಿದ್ರು ಪಾಪ.’

ಅವನಿಗೆ ನಿಜ ಹೇಳಬೇಕೆಂದು ಬಾಯಿ ತೆರೆದೆ. ‘ಇವರು ಇಲ್ಲಪ್ಪ’ ಎಂದೆ.

‘ಹೌದು ಮೇಡಂ, ಈಗ ಇಲ್ಲ.’

‘ಹಂಗಲ್ಲ. ಇವರು ಹೋಗ್ಬಿಟ್ರು.’

‘ಹೂಂ, ಈಗ ತಾನೇ ಹೋದ್ರು. ನಿಮ್ ಹಿಂದೇನೇ ಮೆಡಿಕಲ್ ಶಾಪ್ ಕಡೆ ಬಂದ್ರಲ್ಲ, ಸಿಗ್ಲಿಲ್ವಾ?’

ನಮ್ಮ ಭಾಷೆಯಲ್ಲಿ ಸತ್ತವರನ್ನು ಸತ್ತರು ಎನ್ನದೆ ಇಲ್ಲ, ಹೋದರು ಎಂದು ಹೇಳಿ ಹೇಳಿ ಏನು ಗತಿಯಾಯಿತು ನೋಡಿ. ನಡುಬೀದಿಯಲ್ಲಿ ನಿಂತು ಗಂಡ ಸತ್ತಿದ್ದಾನೆಂದು ರುಜುವಾತು ಮಾಡಲು ನನ್ನ ಬಳಿ ಒಂದು ಶಬ್ದವಿರಲಿಲ್ಲ. ಇದ್ದ ಒಂದು ಶಬ್ದವನ್ನು ನಾನು ಎರಡು ವರ್ಷದಲ್ಲಿ ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಬರುವ ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಬಾರದೆಂದುಕೊಂಡೆ. ಬೇಕರಿಯ ಗಾಜಿನಲ್ಲಿ ಮಾತ್ರ ಒಮ್ಮೆ ನೋಡಿದೆ. ಗಾಜಿನಲ್ಲಿ ನಾನು ಇದ್ದೆ, ಸೈಕಲ್ ಇತ್ತು, ಬನ್ನುಗಳಿದ್ದವು.

ಅತ್ತೆಗೆ ಏನೂ ಹೇಳಬಾರದು ಎಂದುಕೊಂಡಿದ್ದೆ. ಆದರೆ ಸೈಕಲ್ ಗೇಟಿನೊಳಗೆ ಬಂದ ಸದ್ದಿಗೆ ಅವರು ಎದ್ದು ಬಂದು ಮೊಣಕೈ ಊರಿ ಬೆರಳು ಚಾಚಿದರು. ಖಾಲಿ ಜಾಗದಲ್ಲಿ ಬೆರಳಿಟ್ಟರು. ಸಾಲದಾಯಿತು. ಇನ್ನೂ ಮೇಲಕ್ಕೆ ಕೈಯಾಡಿಸಿದರು.

‘ಯಾರು ಎತ್ತಿದ್ದು?’

ಹೇಳಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಂಗಡಿಯವನು ಯಾರನ್ನೋ ಇವರೆಂದು ತಿಳಿದ, ನನ್ನ ಮಾತು ಅವನಿಗೆ ಅರ್ಧ ಕೇಳಿಸಿತು, ನಾಳೆ ಹೋಗಿ ಗೆರೆಗೆ ಸರಿಯಾಗಿ ಇಳಿಸಿಕೊಂಡು ಬರುತ್ತೇನೆ ಅಂತಲೂ ಸೇರಿಸಿದೆ. ಅತ್ತೆ ಹ್ಯಾಂಡಲ್ ಹಿಡಿದೇ ನಿಂತಿದ್ದರು. ಅವರು ಕೂಗಾಡುತ್ತಾರೆ, ಅಳತೆ ಕೆಡಿಸಿದೆಯಲ್ಲೇ ಎಂದು ಅಳುತ್ತಾರೆ ಎಂದು ಕಾದೆ.

‘ಇಳಿಸ್ಬ್ಯಾಡ’ ಅಂದರು.

‘ಇದು ಇವರ ಎತ್ತರ ಅಲ್ಲ ಅತ್ತೆ.’

‘ಅವನದೇ. ಬೆನ್ನುನೋವು ಜಾಸ್ತಿ ಆಗೈತೆ ಅವನಿಗೆ.’ ಹ್ಯಾಂಡಲಿನ ಕಂಬವನ್ನು ಮಗುವಿನ ಬೆನ್ನು ಸವರಿದ ಹಾಗೆ ಸವರಿದರು. ‘ಎರಡು ವರ್ಸ ಆಯ್ತಲ್ಲಮ್ಮಿ. ವಯಸ್ಸಾಯ್ತದೆ.’

ಹೋದವರು ಹೋದ ವಯಸ್ಸಿನಲ್ಲೇ ನಿಲ್ಲುತ್ತಾರೆ ಎಂದು ನಾನು ತಿಳಿದಿದ್ದೆ. ಫೋಟೋದಲ್ಲಿ ಹಾಗೇ ಇರುತ್ತಾರಲ್ಲ. ಇವರು ಎಲ್ಲೋ ನನ್ನ ಜೊತೆಜೊತೆಗೇ ಹಣ್ಣಾಗುತ್ತಿದ್ದಾರೆ, ಬೆನ್ನು ಹಿಡಿದುಕೊಂಡು ಓಡಾಡುತ್ತಿದ್ದಾರೆ, ಎಣ್ಣೆ ಹಚ್ಚಲು ಯಾರೂ ಇಲ್ಲ ಎನ್ನುವುದನ್ನು ನಾನು ಯಾವ ದಿನವೂ ಯೋಚಿಸಿರಲಿಲ್ಲ.

ಆಮೇಲಿನ ದಿನಗಳಲ್ಲಿ ನನ್ನ ಬುದ್ಧಿಯನ್ನು ನಾನೇ ತಹಬಂದಿಗೆ ತರಲು ನೋಡಿದೆ. ಆ ಉದ್ದದ ಮನುಷ್ಯ ಯಾರೋ ನಿವೃತ್ತರು, ಪಂಕ್ಚರ್ ಹಾಕಿಸಲು ಬಂದವರು, ಅಂಗಡಿಯವನು ಕೇಳಿದ್ದಕ್ಕೆ ಏನೋ ಸನ್ನೆ ಮಾಡಿದ್ದಾರೆ ಎಂದು ತೀರ್ಮಾನಿಸಿದೆ. ಅವರನ್ನು ಕಣ್ಣಾರೆ ಕಂಡುಬಿಟ್ಟರೆ ಮುಗಿಯಿತಲ್ಲ? ಬಸ್ ಸ್ಟಾಪಿನಲ್ಲಿ, ತರಕಾರಿ ಗಾಡಿಯ ಮುಂದೆ, ಉದ್ದಗಿರುವ ಗಂಡಸರನ್ನು ನೋಡತೊಡಗಿದೆ. ನನ್ನ ಎತ್ತರಕ್ಕೆ ನೇರ ಕಾಣುವುದು ಅಂಗಿಯ ಗುಂಡಿಗಳೇ. ಚಿಕ್ಕಲಸಂದ್ರದ ಬಸ್ಸಿನಲ್ಲಿ ಒಬ್ಬರ ಎರಡನೇ ಗುಂಡಿಯನ್ನು ಎಷ್ಟು ಹೊತ್ತು ನೋಡಿದೆನೋ, ಅವರು ಅಂಗಿ ತಡವಿಕೊಂಡು, ‘ಸಾರು ಚೆಲ್ಲಿದ್ಯಾ ಮೇಡಂ?’ ಎಂದು ಕೇಳಿದರು. ಐವತ್ಮೂರರ ವಿಧವೆಗೆ ಬೇಕಿತ್ತೆ ಇದು! ಆ ಉದ್ದದ ಮನುಷ್ಯ ಸಿಗಲಿಲ್ಲ.

ಇವರ ಸೈಕಲ್ಲನ್ನು ನಾನು ಏರುವುದಿಲ್ಲವೆಂದು ಅಷ್ಟರಲ್ಲಿ ನಿರ್ಧಾರವಾಗಿತ್ತು. ಅತ್ತೆ ಕೇಳಿಕೊಂಡರು ಅಂತ ಮಾತ್ರವಲ್ಲ. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಚೂಡಿದಾರ ಹಾಕಿಕೊಂಡು, ಮೆಟ್ಟಿಲ ಮೇಲೆ ನಿಂತು ಕಾಲು ದಾಟಿಸಲು ನೋಡಿದ್ದೆ. ಒಂದು ಕಾಲು ಆಚೆಗೆ, ಒಂದು ಕಾಲು ಈಚೆಗೆ, ನಡುವೆ ಬಾರ್. ನೆಲ ಎರಡು ಕಾಲಿಗೂ ಸಿಗಲಿಲ್ಲ. ಬಾಗಿಲ ಚಿಲಕ ಹಿಡಿದು ನೇತಾಡಿ ಇಳಿದೆ. ಸೀಟು ಎಷ್ಟು ಇಳಿಸಿದರೂ ಅಷ್ಟೇ. ಇವರು ಹೇಳುತ್ತಿದ್ದುದೇ ಸರಿ, ನಡುವಿನ ಕಬ್ಬಿಣವನ್ನು ಏನೂ ಮಾಡಲಾಗುವುದಿಲ್ಲ. ಮೂವತ್ತು ವರ್ಷ ಆ ಭಾಷಣ ಕೇಳಿದವಳು ನಾನೇ, ಅದನ್ನು ಮರೆತು ಅತ್ತೆಯ ಜೊತೆ ಜಗಳವಾಡಿದವಳೂ ನಾನೇ.

ಇವತ್ತು ಸಂಜೆ, ನನಗೆಂದು ಒಂದು ಸೈಕಲ್ ನೋಡಿಬರೋಣ ಎಂದು ಹೊರಟೆ. ಅತ್ತೆಗೆ ಕೂಡ ಹೇಳಿರಲಿಲ್ಲ. ರಾಗಿಹಿಟ್ಟಿನ ಡಬ್ಬ ತುಂಬಿಸಿಟ್ಟು, ಬಂದೆ ಇರಿ ಎಂದಷ್ಟೇ ಹೇಳಿ ಹೋದೆ. ಇಮ್ರಾನ್ ನನ್ನನ್ನು ದೂರದಿಂದಲೇ ಕಂಡು ಕೈ ಬೀಸಿದ. ಅಂಗಡಿಯ ಮುಂದೆ ಒಂದು ಸೈಕಲ್ ಸಿದ್ಧವಾಗಿ ನಿಂತಿತ್ತು. ಹೆಂಗಸರದು, ಬಾರ್ ಇಲ್ಲದ್ದು, ಹಾಲಿನ ಕ್ಯಾನ್ ಇಡುವಷ್ಟು ದೊಡ್ಡ ಬುಟ್ಟಿ ಮುಂದೆ.

‘ಬನ್ನಿ ಮೇಡಂ. ರೆಡಿ ಇದೆ. ಕೂತು ನೋಡಿ.’

‘ನಾನಿನ್ನೂ ಏನೂ ಕೇಳೇ ಇಲ್ವಲ್ಲಪ್ಪ?’

‘ಸಾರ್ ಬೆಳಿಗ್ಗೆನೇ ಬಂದು ಹೇಳಿ ಹೋದ್ರಲ್ಲ. ಶಟರ್ ಎತ್ತೋ ಹೊತ್ತಿಗೆ ನಿಂತಿದ್ರು.’

ಅವನ ಫೋನು ಈ ಸಲ ಜೇಬಿನಲ್ಲಿತ್ತು. ನನ್ನ ಮುಖವನ್ನೇ ನೋಡಿ ಹೇಳುತ್ತಿದ್ದ. ನಾನು ಬೆಳಿಗ್ಗೆಯ ಹೊತ್ತಿಗೆ ಅವರೆಕಾಳು ಹಿತಕುತ್ತಿದ್ದೆ. ಸೈಕಲ್ ತರುವ ಯೋಚನೆ ಇನ್ನೂ ಪೂರ್ತಿ ಯೋಚನೆಯಾಗಿರಲಿಲ್ಲ.

‘ಏನಂದ್ರು?’

‘ಮೇಡಂಗೆ ಒಂದು ಬೇಕು ಅಂದ್ರು. ಎಷ್ಟು ಹೈಟ್ ಸಾರ್ ಮೇಡಂ ಅಂತ ಕೇಳ್ದೆ. ಇಲ್ಲಿ ಬೆರಳಿಟ್ಟು ತೋರ್ಸಿದ್ರು.’ ಇಮ್ರಾನ್ ತನ್ನ ಟೀಶರ್ಟಿನ ಮೇಲೆ, ಕತ್ತಿನಿಂದ ಕೆಳಗೆ, ಇಲ್ಲದ ಒಂದು ಗುಂಡಿಯನ್ನು ಎರಡು ಬೆರಳಿನಲ್ಲಿ ಹಿಡಿದ. ‘ಇಷ್ಟು ಅಂತ. ನಾನು ಲೆಕ್ಕ ಹಾಕಿ ಹದಿನಾರಿಂಚು ಫ್ರೇಮ್ ತೆಗ್ದೆ. ಹ್ಯಾಂಡಲ್ ಸ್ವಲ್ಪ ಮೇಲಿರ್ಲಿ, ಅವಳಿಗೂ ವಯಸ್ಸಾಯ್ತು ಅಂದ್ರು. ಸಾರಿ ಮೇಡಂ, ಅವರು ಅಂದಿದ್ದು, ನಾನಲ್ಲ.’

ನೀವು ಹೇಳಬಹುದು, ಆ ಮನುಷ್ಯ ಅವತ್ತು ನನ್ನ ಹಿಂದೆ ನಿಂತಿದ್ದರೆ ನನ್ನ ಎತ್ತರ ಅವರಿಗೂ ತಿಳಿದಿರುತ್ತದೆ ಅಂತ. ನಾನೂ ಹಾಗೆಯೇ ಹೇಳಿಕೊಂಡೆ. ಆದರೆ ಯಾರು ಯಾಕೆ ಬೆಳಿಗ್ಗೆ ಎದ್ದು ಬಂದು, ಪರಿಚಯವಿಲ್ಲದ ಹೆಂಗಸಿಗೆ ಸೈಕಲ್ ಹೇಳಿ ಹೋಗುತ್ತಾರೆ?

‘ತಲೆಕೂದಲು ಹೆಂಗಿತ್ತು?’ ಎಂದು ಕೇಳಿದೆ.

‘ಸಾರ್‌ದಾ? ಬೆಳ್ಳಗಾಗಿದೆಯಲ್ಲ ಮೇಡಂ, ಪೂರ್ತಿ.’

ಇವರು ಹೋಗುವಾಗ ಬಿಳಿ ಕೂದಲು ಕಿವಿಯ ಮೇಲೆ ನಾಲ್ಕೋ ಐದೋ ಇತ್ತು.

ನಾನು ಸೀಟಿನ ಮೂತಿಗೆ ಮೊಣಕೈ ಇಟ್ಟೆ. ಬೆರಳು ಚಾಚಿದೆ. ನಡುಬೆರಳಿನ ತುದಿ ಹೋಗಿ ಹ್ಯಾಂಡಲನ್ನು ಮುಟ್ಟಿತು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಕೂತು ಹಿಮ್ಮಡಿಯನ್ನು ಪೆಡಲಿಗೆ ಇಟ್ಟೆ. ಕೆಳಗಿಳಿದಾಗ ಮೊಣಕಾಲು ನೆಟ್ಟಗಾಯಿತು, ನೋಯಲಿಲ್ಲ. ‘ಇವರಿಲ್ಲಪ್ಪ’ ಎಂದು ಇಮ್ರಾನ್‌ಗೆ ಇನ್ನೊಂದು ಸಲ ಹೇಳಲು ನಾನು ಹೋಗಲಿಲ್ಲ.

‘ಮತ್ತೆ ಬಂದ್ರೆ, ಬೆನ್ನಿಗೆ ಎಣ್ಣೆ ಹಚ್ಕೊಳ್ಳೋಕೆ ಹೇಳು’ ಎಂದೆ.

‘ನೀವೇ ಹೇಳಿ ಮೇಡಂ, ಮನೇಲೇ ಇರ್ತಾರಲ್ಲ!’ ಎಂದು ಅವನು ನಕ್ಕ.

ಬಾಲ್ಯದಲ್ಲಿ ಸೀಟು ಮುಟ್ಟದವಳು ಈ ವಯಸ್ಸಿಗೆ ಸೀಟಿನ ಮೇಲೆ ಕೂತು ಮನೆಗೆ ಬಂದೆ. ಮೊದಲ ತಿರುವಿನವರೆಗೂ ಓಲಾಡಿದೆ, ಒಬ್ಬ ಆಟೋದವನು ‘ಆಂಟಿ, ರೋಡು ನಿಮ್ದೇ, ನಿಧಾನಕ್ಕೆ ತಗೊಳ್ಳಿ’ ಎಂದು ಹಾದುಹೋದ. ಆಮೇಲೆ ಓಲಾಟ ನಿಂತಿತು. ಚಿಕ್ಕಂದಿನಲ್ಲಿ ಅಪ್ಪ ಹಿಂದಿನಿಂದ ಕ್ಯಾರಿಯರ್ ಹಿಡಿದಾಗ ಹೇಗೆ ತಟ್ಟನೆ ನಿಲ್ಲುತ್ತಿತ್ತೋ ಹಾಗೆ. ಕಲಿಯುವವರು ಹಿಂದೆ ತಿರುಗಿ ನೋಡಬಾರದು, ನೋಡಿದರೆ ಬೀಳುವುದು ಖಂಡಿತ. ನಾನು ನೋಡಲಿಲ್ಲ. ಬೇಕರಿಯ ಗಾಜು ಬಂದಾಗಲೂ ಎದುರು ನೋಡಿಕೊಂಡೇ ತುಳಿದೆ.

ಅತ್ತೆ ಗೇಟಿಗೆ ಬಂದಿದ್ದರು. ಹೊಸ ಸೈಕಲ್ಲಿಗೆ ಮೊಣಕೈ ಊರಿ ಅಳೆದರು. ಅವರ ಮೊಳಕ್ಕೂ ನನ್ನ ಮೊಳಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

‘ಕೇಳ್ದ್ಯಾ ಅವನ್ನ?’

‘ಅವರೇ ಹೇಳಿದ್ರಂತೆ’ ಎಂದುಬಿಟ್ಟೆ. ಎರಡು ವರ್ಷದಲ್ಲಿ ಮೊದಲ ಸಲ ನಾಲಿಗೆ ತಪ್ಪಿ ‘ಅವರು’ ಎಂದಿದ್ದೆ. ಅತ್ತೆ ತಟ್ಟನೆ, ‘ಯಾರು?’ ಅಂದರು.

‘ಇವರು’ ಎಂದು ತಿದ್ದಿಕೊಂಡೆ. ‘ತಲೆ ಬೆಳ್ಳಗಾಗಿದೆಯಂತೆ.’

‘ಅವರಪ್ಪನಿಗೂ ಹಿಂಗೇ ಒಂದೇ ಸಲಕ್ಕೆ ಹಣ್ಣಾಗಿದ್ದು’ ಎಂದು ಅತ್ತೆ ಒಳಗೆ ಹೋದರು.

ಈಗ ಮೆಟ್ಟಿಲ ಕೆಳಗೆ ಎರಡು ಸೈಕಲ್. ದೊಡ್ಡದರ ಹ್ಯಾಂಡಲ್ ಹಾಗೆಯೇ ಇದೆ, ಗೆರೆ ಎರಡು ಬೆರಳು ಮೇಲೆಯೇ ಇದೆ. ನಾನು ಇಳಿಸುವುದಿಲ್ಲ. ಪಕ್ಕದಲ್ಲಿ ನನ್ನದು, ಅದರ ಭುಜಕ್ಕಿಂತ ಬಹಳ ಕೆಳಗೆ. ಎಲ್ಲಿಯವರೆಗೆ ಬರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಊಟಕ್ಕೆ ಹಿತಕಿದಬೇಳೆ ಸಾರು, ಹೊಸ ಹಿಟ್ಟಿನ ಮುದ್ದೆ, ಉಪ್ಪಿನಕಾಯಿ. ಮುದ್ದೆಯ ಅಳತೆ ಮಾತ್ರ ನನಗೆ ಈಗಲೂ ತಪ್ಪುತ್ತದೆ, ಒಂದು ಹೆಚ್ಚೇ ಆಗುತ್ತದೆ. ಅದನ್ನು ಮುಚ್ಚಿಟ್ಟೆ. ಮೆಟ್ಟಿಲ ಕೆಳಗಿನ ದೀಪ ಆರಿಸಲು ಹೋದಾಗ ದೊಡ್ಡ ಸೈಕಲ್ಲಿನ ಹ್ಯಾಂಡಲ್ ಆಗಲೇ ಗೋಡೆಯ ಕಡೆಗೆ ತಿರುಗಿತ್ತು. ನಾನು ತಿರುಗಿಸಿರಲಿಲ್ಲ. ನನ್ನದನ್ನೂ ಹಾಗೆಯೇ ತಿರುಗಿಸಿ ಒಳಗೆ ಬಂದೆ. ಅತ್ತೆ ಮೊದಲು ಮಲಗಿದರು. ಆಮೇಲೆ ಇವರು. ನಾನು ಇನ್ನು ಮಲಗಬೇಕು.